ಸೈಕಲ್ ಕಟ್ಟೆ: ಟೂರ್ ಮುಗಿದ ಮೇಲೆ ಏನು ನೋಡೋದು?

ಕಳೆದ ಸಂಚಿಕೆಯಲ್ಲಿ ‘ಟೂರ್ ಡಿ ಫ್ರಾನ್ಸ್ ಒಂದೇ ಅಲ್ಲ, ಸಣ್ಣ ರೇಸುಗಳನ್ನೂ ನೋಡಿ’ ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಬಂದವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರ ಇದೆ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಈಗ ಕಾಫಿ ಕುಯ್ಲು. ಹಾಗಾಗಿ ಎಲ್ಲವನ್ನೂ ಕಣದಲ್ಲಿ ಕೂತು ಬರೆದಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜುಲೈನಲ್ಲಿ ಮೂರು ವಾರ ಟೂರ್ ಡಿ ಫ್ರಾನ್ಸ್ ನೋಡಿದೆ. ಮುಗಿದ ಮೇಲೆ ಮನೆಯೆಲ್ಲ ಬಿಕೋ ಅನ್ನಿಸಿತು. ಬೇರೆ ರೇಸುಗಳ ಪಟ್ಟಿ ತೆಗೆದರೆ 1.1, 2.ಪ್ರೊ, 2.2 ಅಂತ ಗಣಿತದ ಪುಸ್ತಕದ ಹಾಗಿದೆ. ಓದೋದು ಹೇಗೆ ಸರ್?
ಓದುಗರೊಬ್ಬರು, ಮೂಡಿಗೆರೆ

ಗಣಿತ ಅಷ್ಟೇನೂ ಇಲ್ಲ. ಚುಕ್ಕಿಗೆ ಮುಂಚೆ 1 ಇದ್ದರೆ ಒಂದೇ ದಿನದ ರೇಸು, 2 ಇದ್ದರೆ ಹಲವು ದಿನದ್ದು. ಚುಕ್ಕಿ ಆದಮೇಲೆ ಬರುವುದು ದರ್ಜೆ. ಎಲ್ಲಕ್ಕಿಂತ ಮೇಲೆ ವರ್ಲ್ಡ್‌ಟೂರ್, ಅದರ ಕೆಳಗೆ ಪ್ರೊ (ಈ ಹೆಸರು ಬಂದದ್ದು 2020ರಲ್ಲಿ), ಆಮೇಲೆ 1, ಕೊನೆಗೆ 2. ಅಂದರೆ 2.1 ಅಂತ ಕಂಡರೆ ‘ಹಲವು ದಿನದ, ಮೂರನೇ ಮೆಟ್ಟಿಲಿನ ರೇಸು’ ಅಂತ ಓದಿಕೊಳ್ಳಿ, ಅಷ್ಟೇ.

ಟೀಮುಗಳಲ್ಲಿ ಮೂರು ಮೆಟ್ಟಿಲು: ವರ್ಲ್ಡ್‌ಟೀಮ್, ಪ್ರೊಟೀಮ್, ಕಾಂಟಿನೆಂಟಲ್. ನನಗೆ ಜಾಸ್ತಿ ಇಷ್ಟ 1.1 ಮತ್ತು 2.1. ಯಾಕೆಂದರೆ ಇಲ್ಲಿ ಮೂರೂ ಮೆಟ್ಟಿಲಿನವರು ಒಂದೇ ರಸ್ತೆಗೆ ಇಳಿಯುತ್ತಾರೆ. ಕೋಟಿಗಟ್ಟಲೆ ಸಂಬಳ ಎಣಿಸುವವನ ಹಿಂದಿನ ಚಕ್ರಕ್ಕೆ ಸಂಬಳವೇ ಇಲ್ಲದ ಕಾಂಟಿನೆಂಟಲ್ ಹುಡುಗನೊಬ್ಬ ಅಂಟಿಕೊಂಡಿರುತ್ತಾನೆ. ರಣಜಿ ಪಂದ್ಯಕ್ಕೆ ಭಾರತ ತಂಡದ ಬ್ಯಾಟ್ಸ್‌ಮನ್ ಬಂದು ನಿಂತರೆ ಎದುರು ಬೌಲ್ ಮಾಡುವ ಹುಡುಗನಿಗೆ ಹೇಗಾಗುತ್ತದೆ ಹೇಳಿ, ಹಾಗೆ.

ಟಿವಿಯಲ್ಲಿ ಬರಲ್ಲ, ಪೇಪರಲ್ಲಿ ಬರಲ್ಲ. ಹಾಗಾದರೆ ಫಾಲೋ ಮಾಡೋದು ಹೇಗಣ್ಣ? ನಾನು ಇಂಜಿನಿಯರಿಂಗ್ ಎರಡನೇ ವರ್ಷ, ರಾತ್ರಿ ಮಾತ್ರ ಪುರುಸೊತ್ತು.
ವಿದ್ಯಾರ್ಥಿ, ಹಾಸನ

ಮೊದಲೇ ಹೇಳುತ್ತೇನೆ ತಮ್ಮಾ, ಎಲ್ಲ ರೇಸನ್ನೂ ನೋಡುತ್ತೇನೆ ಅಂತ ಹೊರಡಬೇಡ. ನಾನು ಒಂದು ವರ್ಷ ಹಾಗೆ ಹೊರಟಿದ್ದೆ. ಇನ್ನೂರು ಪುಟದ ನೋಟ್‌ಬುಕ್ಕಿಗೆ ಸ್ಕೇಲ್ ಇಟ್ಟು ಗೆರೆ ಹೊಡೆದು, ರೇಸು, ಊರು, ಗೆದ್ದವನು, ಎಷ್ಟು ಕಿಲೋಮೀಟರ್ ಅಂತೆಲ್ಲ ಕಾಲಂ ಮಾಡಿ, ಜನವರಿ ಪೂರ್ತಿ ಭಕ್ತಿಯಿಂದ ತುಂಬಿದೆ. ಏಪ್ರಿಲ್ ಹೊತ್ತಿಗೆ ಅದೇ ಕಾಲಂಗಳಲ್ಲಿ ಆಳುಗಳ ಕೂಲಿ ಲೆಕ್ಕ ಬರೆಯುತ್ತಿದ್ದೆ. ಒಂದೇ ಭಾನುವಾರ ಬೇರೆ ಬೇರೆ ದೇಶದಲ್ಲಿ ಮೂರು ನಾಲ್ಕು ರೇಸು ಇರುತ್ತವೆ, ಯಾರಿಂದಲೂ ಆಗುವ ಕೆಲಸ ಅಲ್ಲ ಅದು.

ಅದರ ಬದಲು ಒಂದು ಟೀಮು ಹಿಡಿ. ದೊಡ್ಡದು ಬೇಡ, ಎರಡನೇ ಮೆಟ್ಟಿಲಿನ ಒಂದು ಪ್ರೊಟೀಮ್ ಸಾಕು. ನಾನು ಹಿಡಿದದ್ದು ಸ್ಪೇನಿನ ನವಾರಾ ಕಡೆಯ ಕೆರ್ನ್ ಫಾರ್ಮಾ. ಅದಕ್ಕೆ ದೊಡ್ಡ ಕಾರಣ ಏನೂ ಇರಲಿಲ್ಲ, ಪಟ್ಟಿಯಲ್ಲಿ ಅವರ ಹೆಸರು ಸದಾ ಮೂವತ್ತು, ನಲವತ್ತನೇ ಸ್ಥಾನದಲ್ಲಿ ಕಾಣುತ್ತಿತ್ತು, ಪಾಪ ಅನ್ನಿಸಿತು. ವರ್ಷವೆಲ್ಲ ಸುಮ್ನೆ ಹೆಸರು ಓದಿಕೊಂಡಿದ್ದೆ. 2024ರ ವುಯೆಲ್ಟಾದಲ್ಲಿ, ಅಂದರೆ ಸ್ಪೇನಿನ ಮೂರು ವಾರದ ದೊಡ್ಡ ರೇಸಿನಲ್ಲಿ, ಅದೇ ಟೀಮು ಮೂರು ಸ್ಟೇಜ್ (ಅಂದರೆ ಒಂದೊಂದು ದಿನದ ಓಟ) ಗೆದ್ದಿತು. ಎರಡನ್ನು ಪಾಬ್ಲೊ ಕಾಸ್ಟ್ರಿಯೊ, ಒಂದನ್ನು ಉರ್ಕೊ ಬೆರ್ರಾಡೆ. ನೋಡುತ್ತಿದ್ದ ಬೇರೆಯವರಿಗೆ ‘ಇವನ್ಯಾರಪ್ಪ’ ಅನ್ನಿಸಿರಬಹುದು, ನನಗೆ ಪಕ್ಕದ ಮನೆ ಹುಡುಗ ರ‍್ಯಾಂಕ್ ಬಂದ ಹಾಗಾಯಿತು. ಮುಂದಿನ ವರ್ಷಕ್ಕೆ ಕಾಸ್ಟ್ರಿಯೊನನ್ನು ಮೂವಿಸ್ಟಾರ್ ಎಂಬ ದೊಡ್ಡ ಟೀಮು ಕರೆದುಕೊಂಡಿತು. ಸಣ್ಣ ಟೀಮು ಹಿಡಿದರೆ ಈ ಸಂಕಟವೂ ಜೊತೆಗೇ ಬರುತ್ತದೆ, ಹೇಳಿಲ್ಲ ಅನ್ನಬೇಡ.

ಫಲಿತಾಂಶಕ್ಕೆ ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್ ಎಂಬ ವೆಬ್‌ಸೈಟ್ ಸಾಕು, ಎರಡು ಕಡ್ಡಿ ಸಿಗ್ನಲ್ಲಿದ್ದರೂ ತೆರೆದುಕೊಳ್ಳುತ್ತದೆ. ಹಿಂದಿನ ದಿನವೇ ಯಾರು ಯಾರು ಓಡುತ್ತಾರೆ ಅನ್ನುವ ಪಟ್ಟಿ ನೋಡಿಕೋ. ರೇಸು ಮುಗಿದ ಮೇಲೆ ಮೇಲಿನ ಹತ್ತು ಹೆಸರಲ್ಲ, ಕೆಳಗಿನಿಂದ ಓದು. ಡಿಎನ್‌ಎಸ್ ಅಂದರೆ ಹೊರಡಲೇ ಇಲ್ಲ, ಡಿಎನ್‌ಎಫ್ ಅಂದರೆ ನಡುವೆ ಬಿಟ್ಟ, ಒಟಿಎಲ್ ಅಂದರೆ ಮುಗಿಸಿದ, ಆದರೆ ಕೊಟ್ಟ ಟೈಮಿನೊಳಗೆ ಬರಲಿಲ್ಲ. ಈ ಮೂರನೆಯದನ್ನು ನೋಡಿದಾಗ ಹೊಟ್ಟೆ ಚುರ್ ಅನ್ನುತ್ತದೆ. ಪೂರ್ತಿ ದೂರ ತುಳಿದೂ ಲೆಕ್ಕಕ್ಕಿಲ್ಲ.

ಇನ್ನು ಯಾವಾಗ ಏನು ಅಂತ. ಕಾಫಿ ಲೆಕ್ಕದಲ್ಲಿ ಹೇಳಿದರೆ ನನಗೆ ಸುಲಭ. ಕುಯ್ಲು ಜೋರಾಗಿರುವ ಜನವರಿ ಕೊನೆಯಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಒಂದೊಂದು ದಿನದ ಬಿಡಿ ರೇಸುಗಳು. ಫೆಬ್ರವರಿಯಲ್ಲಿ ಫ್ರಾನ್ಸಿನ ಬೆಸೆಜ್, ಪೋರ್ಚುಗಲ್ಲಿನ ಅಲ್ಗಾರ್ವೆ, ಓಮನ್. ಆಗ ಫ್ರಾನ್ಸ್, ಸ್ಪೇನ್, ಇಟಲಿ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ. ಅವರ ಸಂಜೆಯ ಫಿನಿಶ್ ನಮಗೆ ರಾತ್ರಿ ಒಂಬತ್ತು, ಒಂಬತ್ತೂವರೆ. ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಎಳೆದು, ಮೂಲೆಗೆ ಕಲ್ಲು ಹೇರಿ, ಕಾವಲಿಗೆ ಕೂತಿರುವ ಹೊತ್ತು. ನಮ್ಮ ಕಣದಲ್ಲಿ ನೆಟ್‌ವರ್ಕ್ ಸಿಗುವುದು ಹಲಸಿನ ಮರದ ಕಡೆಯ ಮೂಲೆಯಲ್ಲಿ ಮಾತ್ರ. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇದೆ, ಅದರ ಕಾಲು ಊರಿ ಊರಿ ನೆಲದಲ್ಲಿ ನಾಲ್ಕು ಗುಳಿ ಬಿದ್ದಿವೆ.

ಫೆಬ್ರವರಿ ಕೊನೆಯ ಟೂರ್ ಡು ರುವಾಂಡಾ ಮಾತ್ರ ಬಿಡಬೇಡ. ಅದು 2.1 ದರ್ಜೆ. ಸಾವಿರ ಬೆಟ್ಟಗಳ ನಾಡು ಅಂತಲೇ ಆ ದೇಶಕ್ಕೆ ಹೆಸರು, ರಾಜಧಾನಿ ಕಿಗಾಲಿಯೇ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಅಲ್ಲೂ ಅರೇಬಿಕಾ ಕಾಫಿ, ಟೀ ತೋಟ, ಕೆಂಪು ಮಣ್ಣು. ರಸ್ತೆ ಬದಿಯಲ್ಲಿ ಜನವೋ ಜನ, ಶಾಲೆ ಮಕ್ಕಳು ದಿಬ್ಬದ ಮೇಲೆ ಸಾಲಾಗಿ ನಿಂತಿರುತ್ತಾರೆ. ದನಿ ಆರಿಸಿ ನೋಡಿದರೆ ಬಾಳೆಹೊನ್ನೂರು ರಸ್ತೆ ಅಂದುಕೊಳ್ಳಬೇಕು. 2025ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದೂ ಕಿಗಾಲಿಯಲ್ಲೇ, ಆಫ್ರಿಕಾದಲ್ಲಿ ಅದೇ ಮೊದಲು.

ಮಾರ್ಚ್‌ನಲ್ಲಿ ನಾವು ಹೂಮಳೆಗೆ ಕಾಯುವಾಗ ಬೆಲ್ಜಿಯಂನಲ್ಲಿ ಕಲ್ಲು ಹಾಸಿನ ರೇಸುಗಳು, ಲ ಸಾಮಿನ್, ನೊಕೆರೆ. ಮಳೆ ಹಿಡಿದ ಮೇಲೆ ಜೂನ್‌ನಲ್ಲಿ ಸ್ಲೊವೇನಿಯಾ, ಆಗಸ್ಟಿನಲ್ಲಿ ಪೋರ್ಚುಗಲ್, ಸ್ಪೇನಿನ ಬುರ್ಗೋಸ್. ಕರೆಂಟ್ ಇರಲ್ಲ, ಅದು ಬೇರೆ ಮಾತು. ಅಕ್ಟೋಬರ್‌ನಲ್ಲಿ ಇಟಲಿಯ ಕೊನೆ ಸುತ್ತು, ಆಮೇಲೆ ಜಪಾನ್ ಕಪ್. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಹಾಗಾಗಿ ಭಾನುವಾರ ಬೆಳಗ್ಗೆ ತಿಂಡಿ ಜೊತೆ ನೋಡುವ ರೇಸು ಅದು.

ದೊಡ್ಡ ದೊಡ್ಡ ಟೀಮುಗಳಿಗೆ ಈ ಸಣ್ಣ ರೇಸಿನಿಂದ ಏನು ಲಾಭ? ಸುಮ್ನೆ ಪ್ರಾಕ್ಟೀಸಿಗೆ ಬರೋದಾ?
ಸಹಕಾರಿ ಡೇರಿ ನೌಕರರು, ಬೇಲೂರು

ಕೆಲವರು ಪ್ರಾಕ್ಟೀಸಿಗೆ, ಕೆಲವರು ಊರಿನ ಅಭಿಮಾನಕ್ಕೆ. ಟೂರ್ ಡಿ ಫ್ರಾನ್ಸ್ ಗೆದ್ದಿರುವ ತಡೇಯ್ ಪೊಗಾಚಾರ್ 2021, 2022ರಲ್ಲಿ ತನ್ನೂರಿನ ಸ್ಲೊವೇನಿಯಾ ಟೂರ್‌ಗೆ ಹೋಗಿ ಗೆದ್ದ. ಆದರೆ ನಿಜವಾದ ಎಳೆತ ಪಾಯಿಂಟಿನದ್ದು. ಮೂರು ವರ್ಷದ ಪಾಯಿಂಟ್ ಕೂಡಿಸಿ, ಮೇಲಿನ 18 ಟೀಮಿಗೆ ವರ್ಲ್ಡ್‌ಟೂರ್ ಜಾಗ ಕೊಡುತ್ತಾರೆ, ಉಳಿದವರು ಕೆಳಕ್ಕೆ. 2020ರಿಂದ 2022ರವರೆಗೆ ಈ ಲೆಕ್ಕ ಹೇಗಿತ್ತೆಂದರೆ ಟೂರ್ ಡಿ ಫ್ರಾನ್ಸಿನ ಒಂದು ಸ್ಟೇಜ್ ಗೆದ್ದರೆ 120 ಪಾಯಿಂಟ್, ಯಾವುದೋ ಹಳ್ಳಿಯ 1.1 ಗೆದ್ದರೆ 125! ಇದಕ್ಕೆ ಏನನ್ನಬೇಕು ನೀವೇ ಹೇಳಿ. ಆಮೇಲೆ ಬುದ್ಧಿ ಬಂದು 2023ರಿಂದ ಟೂರ್ ಸ್ಟೇಜಿಗೆ 210 ಮಾಡಿದರು.

ಆ ಗಡಿಬಿಡಿಯಲ್ಲಿ ಮಿಂಚಿದವನು ಅರ್ನೋ ಡಿ ಲೀ. ನಿಮಗೆ ಇವನು ಖಂಡಿತ ಇಷ್ಟವಾಗುತ್ತಾನೆ, ಯಾಕೆಂದರೆ ಬೆಲ್ಜಿಯಂನ ಲೆಶರೆ ಎಂಬ ಊರಲ್ಲಿ ಇವನ ಮನೆಯವರದ್ದು ಹಸು ಸಾಕಿ ಹಾಲು ಕರೆಯುವ ಕೆಲಸ. ‘ಲೆಶರೆಯ ಗೂಳಿ’ ಅಂತಲೇ ಕರೆಯುತ್ತಾರೆ. 2022ರ ಜನವರಿಯಲ್ಲಿ ಮಯೋರ್ಕಾದಲ್ಲಿ ಮೊದಲ ಗೆಲುವು, ಆಗಿನ್ನೂ ಹತ್ತೊಂಬತ್ತು ವರ್ಷ. ಆ ವರ್ಷ ಒಟ್ಟು ಒಂಬತ್ತು ರೇಸು ಗೆದ್ದ. ಕೆಳಗೆ ಬೀಳುವುದರಲ್ಲಿದ್ದ ಲೊಟ್ಟೊ ಟೀಮು ಅಲ್ಲಿ ಇಲ್ಲಿ ಪಾಯಿಂಟ್ ಹೆಕ್ಕುತ್ತಿತ್ತು, ನಮ್ಮಲ್ಲಿ ಉದುರು ಕಾಫಿ ಹೆಕ್ಕುವ ಹಾಗೆ. ಹೆಕ್ಕಿದ್ದರಲ್ಲಿ ಈ ಹುಡುಗನ ಪಾಲೇ ದೊಡ್ಡದು. ಆದರೂ ಸಾಲಲಿಲ್ಲ. ವರ್ಷದ ಕೊನೆಗೆ ಲೊಟ್ಟೊ ಕೆಳಕ್ಕೆ ಇಳಿಯಿತು.

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೆಸರೇ ಗೊತ್ತಿಲ್ಲದವರ ರೇಸು ನೋಡೋದು ಟೈಮ್ ವೇಸ್ಟ್ ಅಲ್ವಾ?
ನಿವೃತ್ತ ಮೇಷ್ಟ್ರು, ಅರಸೀಕೆರೆ

ಬೇಜಾರೇನಿಲ್ಲ ಮೇಷ್ಟ್ರೇ, ನಮ್ಮ ಮನೆಯಲ್ಲೂ ಇದೇ ಪ್ರಶ್ನೆ. ಎರಡು ವಿಷಯ ಹೇಳುತ್ತೇನೆ, ಆಮೇಲೆ ನೀವೇ ಮಾರ್ಕ್ಸ್ ಹಾಕಿ.

ಒಂದು, 2025ರ ಅಲ್ಗಾರ್ವೆ. ಮೊದಲ ಸ್ಟೇಜಿನ ಫಿನಿಶ್ ಲಾಗೋಸ್ ಊರಿನಲ್ಲಿ. ಕೊನೆಯ ಸರ್ಕಲ್ಲಿನಲ್ಲಿ ಗುಂಪಿನ ಮುಂದಿದ್ದವರು ತಪ್ಪು ದಾರಿ ಹಿಡಿದರು. ಹಿಂದಿದ್ದವರು ಅವರ ಹಿಂದೆ. ನಮ್ಮ ಹನುಮಂತಪ್ಪ ಸರ್ಕಲ್ಲಿನಲ್ಲಿ ಹೊಸ ಡ್ರೈವರ್‌ಗಳಿಗೆ ಆಗುತ್ತದಲ್ಲ, ಅದೇ. ಆದರೆ ಇವರು ಪೂರ್ತಿ ವೇಗದಲ್ಲಿದ್ದರು. ಬ್ಯಾರಿಕೇಡ್‌ನ ಆಚೆ ಬದಿ, ಜನ ನಿಂತು ನೋಡುತ್ತಿದ್ದ ಕಡೆ, ಜೀವ ಬಿಟ್ಟು ಸ್ಪ್ರಿಂಟ್ ಮಾಡುತ್ತಿದ್ದಾರೆ. ಈಚೆ ಬದಿ, ಸರಿಯಾದ ರಸ್ತೆಯಲ್ಲಿ, ಬೆರಳೆಣಿಕೆಯಷ್ಟು ಜನ. ಅವರಲ್ಲಿ ಇಟಲಿಯ ಸವಾರ ಫಿಲಿಪ್ಪೊ ಗಾನಾ ಮೊದಲು ಗೆರೆ ದಾಟಿದ. ಕೊನೆಗೆ ಸ್ಟೇಜನ್ನೇ ರದ್ದು ಮಾಡಿದರು, ಯಾರೂ ಗೆಲ್ಲಲಿಲ್ಲ. ಸರಿಯಾದ ದಾರಿಯಲ್ಲಿ ಬಂದವನಿಗೂ ಏನೂ ಸಿಗಲಿಲ್ಲ, ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ.

ಇನ್ನೊಂದು, ಫ್ರಾನ್ಸಿನ ಬ್ರಿಟನಿ ಸೀಮೆಯ ಟ್ರೊ ಬ್ರೊ ಲಿಯೋನ್. ಮೇ ತಿಂಗಳಲ್ಲಿ ಬರುತ್ತದೆ. ಹೊಲ ಗದ್ದೆ ನಡುವಿನ ಮಣ್ಣು ದಾರಿಗಳಲ್ಲೂ ಓಡಿಸುತ್ತಾರೆ, ಆ ದಾರಿಗೆ ಅವರ ಭಾಷೆಯಲ್ಲಿ ರಿಬಿನ್ ಅನ್ನುತ್ತಾರೆ. ಪಂಕ್ಚರ್ ಆಗದೆ ಮುಗಿಸಿದವನೇ ಪುಣ್ಯವಂತ. ಇದು ಶುರುವಾದದ್ದು 1984ರಲ್ಲಿ, ಬ್ರೆಟನ್ ಭಾಷೆಯಲ್ಲಿ ಪಾಠ ಹೇಳುವ ದಿವಾನ್ ಶಾಲೆಗಳಿಗೆ ದುಡ್ಡು ಕೂಡಿಸಲಿಕ್ಕೆ. ಕನ್ನಡ ಶಾಲೆ ಉಳಿಸಲಿಕ್ಕೆ ಕಡೂರಿನಲ್ಲಿ ಸೈಕಲ್ ರೇಸ್ ಇಟ್ಟ ಹಾಗೆ ಅಂದುಕೊಳ್ಳಿ, ಮೇಷ್ಟ್ರಿಗೆ ಇದು ಬೇಗ ಅರ್ಥವಾಗುತ್ತದೆ. ಇನ್ನು ಬಹುಮಾನ. ಬ್ರಿಟನಿಯವರಲ್ಲಿ ಮೊದಲು ಬಂದವನ ಕೈಗೆ ವೇದಿಕೆ ಮೇಲೆ ಒಂದು ಜೀವಂತ ಹಂದಿಮರಿ ಕೊಡುತ್ತಾರೆ. ಅದು ಕಿರುಚುತ್ತದೆ, ಒದೆಯುತ್ತದೆ, ಮೈಯೆಲ್ಲ ಧೂಳು ತುಂಬಿದ ಸವಾರ ಅದನ್ನು ಅವುಚಿಕೊಂಡು ಫೋಟೋಗೆ ನಗುತ್ತಾನೆ. ನಮ್ಮ ಕಡೆ ಕೆಸರುಗದ್ದೆ ಓಟಕ್ಕೆ ಹುಂಜ, ವಾಲಿಬಾಲಿಗೆ ಟಗರು ಇಡುವುದಿಲ್ಲವೇ?

ಹತ್ತಿರದಲ್ಲಿ ಎಲ್ಲಾದರೂ ಕಣ್ಣಾರೆ ನೋಡಬಹುದಾ?
ಓದುಗರು, ಹೊಳೆನರಸೀಪುರ

ಪುಣೆ. 2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆಯಿತು, 2.2 ದರ್ಜೆ. ಅರಸೀಕೆರೆಯಿಂದ ರೈಲು ಸಿಗುತ್ತದೆ. ಮುಂದಿನ ಸಲ ನಡೆದರೆ ಹೋಗಿ, ಆದರೆ ಫಿನಿಶ್ ಹತ್ತಿರ ನಿಲ್ಲಬೇಡಿ. ಅಲ್ಲಿ ಎರಡು ಸೆಕೆಂಡಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಏರು ರಸ್ತೆ ಹುಡುಕಿಕೊಂಡು, ಅದರ ಮುಕ್ಕಾಲು ಭಾಗದಲ್ಲಿ ನಿಂತುಕೊಳ್ಳಿ. ಅಲ್ಲಿ ಗುಂಪು ಒಡೆದು ಒಬ್ಬೊಬ್ಬರೇ ಬರುತ್ತಾರೆ, ಉಸಿರು ಕೇಳಿಸುತ್ತದೆ.

ನಮ್ಮ ಯಜಮಾನರು ನಿಮ್ಮ ಅಂಕಣ ಓದಿ ಹಾಳಾದರು. ದಿನಾ ರಾತ್ರಿ ಒಂಬತ್ತೂವರೆವರೆಗೆ ಫೋನ್ ಹಿಡಿದು ಕೂರ್ತಾರೆ, ಮುದ್ದೆ ತಣ್ಣಗಾಗುತ್ತೆ. ಏನು ಮಾಡಲಿ?
ಗೃಹಿಣಿ, ಸಕಲೇಶಪುರ

ತಪ್ಪಾಯಿತು ಅಕ್ಕ. ಮಾರ್ಚ್ ಕೊನೆಯ ಭಾನುವಾರದವರೆಗೆ ಸಹಿಸಿಕೊಳ್ಳಿ. ಅವತ್ತು ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಲ್ಲಿಂದ ರೇಸು ನಮಗೆ ಎಂಟೂವರೆಗೇ ಮುಗಿಯುತ್ತದೆ. ಮುದ್ದೆಗೆ ಎಸರು ಎಂಟೂಕಾಲಿಗೆ ಇಡಿ.