ವಿನ್‌ಫಾರ್ಮ್ಸ್ ಸ್ಟೇಟಸ್ ಬಾರ್‌ನಲ್ಲಿ ಲಿಂಕ್ ಕಾಣಿಸುತ್ತದೆ, ಒತ್ತಿದರೆ ಎರರ್ ಬರುತ್ತದೆ. ಏನು ಮಾಡಬೇಕು?

ವಿನ್‌ಫಾರ್ಮ್ಸ್ (ಡಾಟ್‌ನೆಟ್‌ನಲ್ಲಿ ವಿಂಡೋಸ್ ಪ್ರೋಗ್ರಾಂಗಳ ಪರದೆ ಕಟ್ಟುವ ಸಲಕರಣೆ) ಫಾರ್ಮ್‌ನ ಸ್ಟೇಟಸ್ ಬಾರ್‌ನಲ್ಲಿರುವ ಲೇಬಲ್‌ಗೆ ಈಸ್‌ಲಿಂಕ್ ಟ್ರೂ ಕೊಟ್ಟಿದ್ದೀರಿ, ಅಕ್ಷರ ನೀಲಿಯಾಗಿದೆ, ಒತ್ತಿದರೆ ಮಾತ್ರ ‘ಫೈಲ್ ಸಿಗುತ್ತಿಲ್ಲ’ ಎಂಬ ಎರರ್ ಬರುತ್ತಿದೆ. ಜೊತೆಗೆ ಇಡೀ ಸಾಲಿನ ಬದಲು ಒಂದು ಪದವಷ್ಟೇ ಲಿಂಕ್ ಆಗಬೇಕು ಎಂದಿದ್ದೀರಿ.

ಈಸ್‌ಲಿಂಕ್ ಮಾಡುವುದು ಬರೀ ತೋರಿಕೆಯ ಕೆಲಸ: ಬಣ್ಣ, ಅಡಿಗೆರೆ, ಮೌಸ್ ಮೇಲೆ ಬಂದಾಗ ಕೈ ಆಕಾರದ ಕರ್ಸರ್. ತೆರೆಯಬೇಕಾದ ವೆಬ್ ವಿಳಾಸ ಏನೆಂದು ಅದಕ್ಕೆ ಗೊತ್ತೇ ಇರುವುದಿಲ್ಲ. ವಿಳಾಸವನ್ನು ಲೇಬಲ್‌ನ ಟ್ಯಾಗ್ ಪ್ರಾಪರ್ಟಿಯಲ್ಲಿಟ್ಟು, ಕ್ಲಿಕ್ ಇವೆಂಟ್‌ನಲ್ಲಿ ತೆರೆಯುವುದು ನಿಮ್ಮ ಕೋಡ್‌ನ ಕೆಲಸ. ನೋಡಿದ ಲಿಂಕ್‌ನ ಬಣ್ಣ ಬದಲಾಗಬೇಕಿದ್ದರೆ ಲಿಂಕ್‌ವಿಸಿಟೆಡ್ ಅನ್ನೂ ಅಲ್ಲೇ ಟ್ರೂ ಮಾಡಬೇಕು.

ಎರರ್‌ನ ಮೂಲ, ವಿಳಾಸ ತೆರೆಯಲು ಕರೆಯುವ ಪ್ರೊಸೆಸ್ ಡಾಟ್ ಸ್ಟಾರ್ಟ್‌ನಲ್ಲಿದೆ. ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಯೂಸ್‌ಶೆಲ್‌ಎಕ್ಸಿಕ್ಯೂಟ್ (ತೆರೆಯುವ ಕೆಲಸವನ್ನು ವಿಂಡೋಸ್‌ನ ಶೆಲ್‌ಗೆ ಒಪ್ಪಿಸುವ ಆಯ್ಕೆ) ತಾನಾಗಿಯೇ ಟ್ರೂ ಇರುತ್ತಿತ್ತು. ವಿಳಾಸ ಕೊಟ್ಟರೆ ಸಾಕು, ವಿಂಡೋಸ್ ಬ್ರೌಸರ್ ತೆರೆಯುತ್ತಿತ್ತು. ಡಾಟ್‌ನೆಟ್ ಕೋರ್‌ನಲ್ಲೂ 2020ರ ಡಾಟ್‌ನೆಟ್ 5ರಿಂದ ಈಚಿನ ಆವೃತ್ತಿಗಳಲ್ಲೂ ಅದು ಫಾಲ್ಸ್. ಹಾಗಾಗಿ ನಿಮ್ಮ ವಿಳಾಸವನ್ನೇ ಒಂದು ಎಕ್ಸಿ (ನೇರವಾಗಿ ಓಡುವ ಪ್ರೋಗ್ರಾಂ) ಫೈಲ್‌ನ ಹೆಸರೆಂದು ಹುಡುಕಿ, ಸಿಗದೆ ವಿನ್32 ಎಕ್ಸೆಪ್ಷನ್ ಎಸೆಯುತ್ತದೆ. ಪ್ರೊಸೆಸ್‌ಸ್ಟಾರ್ಟ್‌ಇನ್ಫೋ ಒಂದನ್ನು ಮಾಡಿ, ಫೈಲ್‌ನೇಮ್‌ಗೆ ವಿಳಾಸ ಕೊಟ್ಟು, ಯೂಸ್‌ಶೆಲ್‌ಎಕ್ಸಿಕ್ಯೂಟ್ ಅನ್ನು ಟ್ರೂ ಮಾಡಿ, ಅದನ್ನು ಸ್ಟಾರ್ಟ್‌ಗೆ ಕಳಿಸಿ. ಸಿಎಂಡಿ (ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್) ಮೂಲಕ ‘ಸ್ಟಾರ್ಟ್’ ಕಮಾಂಡ್ ಓಡಿಸುವ ಅಡ್ಡದಾರಿ ಬೇಡ. ವಿಳಾಸದಲ್ಲಿ ಆಂಪರ್‌ಸೆಂಡ್ (&) ಚಿಹ್ನೆ ಬಂದರೆ ಸಿಎಂಡಿ ಅಲ್ಲಿಗೇ ಕಮಾಂಡ್ ಮುಗಿಯಿತೆಂದು ತಿಳಿಯುತ್ತದೆ, ಉಳಿದ ಭಾಗ ಕತ್ತರಿಸಿ ಹೋಗುತ್ತದೆ.

ಸ್ಟಾರ್ಟ್ ವಾಪಸು ಕೊಡುವುದು ನಲ್ (ಏನೂ ಇಲ್ಲ) ಇರಬಹುದು. ಬ್ರೌಸರ್ ಆಗಲೇ ತೆರೆದಿದ್ದರೆ ಹೊಸ ಪ್ರೊಸೆಸ್ ಹುಟ್ಟಬೇಕೆಂದಿಲ್ಲ. ಅದರ ಮೇಲೆ ವೇಟ್‌ಫಾರ್‌ಎಕ್ಸಿಟ್ (ಪ್ರೊಸೆಸ್ ಮುಗಿಯುವವರೆಗೆ ಕಾಯುವುದು) ಇತ್ಯಾದಿ ಕರೆಯಬೇಡಿ.

ಇಲ್ಲಿ ಒಂದು ಅಪಾಯವಿದೆ, ಇದನ್ನು ಹಗುರವಾಗಿ ಬಿಡಬೇಡಿ. ಶೆಲ್‌ಗೆ ವೆಬ್ ವಿಳಾಸವೂ ಒಂದೇ, ಡಿಸ್ಕ್‌ನಲ್ಲಿರುವ ಎಕ್ಸಿ ಫೈಲ್‌ನ ದಾರಿಯೂ ಒಂದೇ: ಯಾವುದನ್ನು ಕೊಟ್ಟರೂ ತೆರೆಯುತ್ತದೆ. ಲಿಂಕ್ ನಿಮ್ಮ ಕೋಡ್‌ನಲ್ಲೇ ಬರೆದದ್ದಾದರೆ ಚಿಂತೆಯಿಲ್ಲ. ಸರ್ವರ್‌ನಿಂದಲೋ ಸೆಟ್ಟಿಂಗ್ಸ್ ಫೈಲ್‌ನಿಂದಲೋ ಬರುತ್ತಿದ್ದರೆ, ಯೂಆರ್‌ಐ ಡಾಟ್ ಟ್ರೈಕ್ರಿಯೇಟ್‌ನಿಂದ ಪರೀಕ್ಷಿಸಿ, ಸ್ಕೀಮ್ (ವಿಳಾಸದ ಮೊದಲ ಭಾಗ) ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಆಗಿದ್ದರೆ ಮಾತ್ರ ತೆರೆಯಿರಿ.

ಇನ್ನು ಒಂದೇ ಪದ ಲಿಂಕ್ ಆಗುವ ವಿಷಯ. ಈಸ್‌ಲಿಂಕ್ ಇಡೀ ಲೇಬಲ್‌ಗೆ ಅನ್ವಯಿಸುತ್ತದೆ. ಲಿಂಕ್‌ಲೇಬಲ್ ಕಂಟ್ರೋಲನ್ನು ಟೂಲ್‌ಸ್ಟ್ರಿಪ್‌ಕಂಟ್ರೋಲ್‌ಹೋಸ್ಟ್ ಒಳಗಿಟ್ಟು, ಲಿಂಕ್‌ಏರಿಯಾದಲ್ಲಿ ಎಲ್ಲಿಂದ ಎಷ್ಟು ಅಕ್ಷರ ಎಂದು ಹೇಳುವ ದಾರಿಯೊಂದಿದೆ. ಆದರೆ ಕನ್ನಡ ಪಠ್ಯದಲ್ಲಿ ಕಾಗುಣಿತ, ಒತ್ತಕ್ಷರಗಳಿಂದಾಗಿ ಆ ಎಣಿಕೆ ತಪ್ಪುವುದು ಬಲು ಸುಲಭ. ನನ್ನ ಮಟ್ಟಿಗೆ ಎರಡು ಲೇಬಲ್ ಪಕ್ಕಪಕ್ಕ ಇಡುವುದೇ ವಾಸಿ: ‘ಹೊಸ ಆವೃತ್ತಿ ಬಂದಿದೆ:’ ಎಂಬುದು ಸಾದಾ ಲೇಬಲ್, ‘ಡೌನ್‌ಲೋಡ್’ ಎಂಬುದು ಈಸ್‌ಲಿಂಕ್ ಲೇಬಲ್. ಲಿಂಕ್ ಬಲತುದಿಗೆ ಹೋಗಬೇಕಿದ್ದರೆ ಮೊದಲ ಲೇಬಲ್‌ನ ಸ್ಪ್ರಿಂಗ್ (ಉಳಿದ ಜಾಗವನ್ನೆಲ್ಲ ತುಂಬಿಕೊಳ್ಳುವ ಆಯ್ಕೆ) ಟ್ರೂ ಮಾಡಿ, ಟೆಕ್ಸ್ಟ್‌ಅಲೈನ್ ಅನ್ನು ಮಿಡಲ್‌ಲೆಫ್ಟ್‌ಗೆ ಬದಲಿಸಿ, ಇಲ್ಲದಿದ್ದರೆ ಸಂದೇಶ ನಡುವೆ ಕೂರುತ್ತದೆ. ವಿಂಡೋ ಕಿರಿದಾಗಿ ಜಾಗ ಸಾಲದಾದರೆ ಲೇಬಲ್ ಪೂರ್ತಿ ಮಾಯವಾಗಬಹುದು, ಆದ್ದರಿಂದ ಸಂದೇಶ ಚಿಕ್ಕದಿರಲಿ.

ಕನ್ನಡಕ್ಕೆ ಇನ್ನೊಂದು ತೊಡಕು ಅಡಿಗೆರೆ. ಅದು ಒತ್ತಕ್ಷರಗಳ ಮೇಲೇ ಹಾದುಹೋಗಿ ಓದಲು ಕಷ್ಟವಾಗುತ್ತದೆ. ಲಿಂಕ್‌ಬಿಹೇವಿಯರ್ ಅನ್ನು ಹೋವರ್‌ಅಂಡರ್‌ಲೈನ್ ಮಾಡಿದರೆ ಮೌಸ್ ಬಂದಾಗ ಮಾತ್ರ ಗೆರೆ ಮೂಡುತ್ತದೆ.

ಟೂಲ್‌ಟಿಪ್‌ನಲ್ಲಿ ಪೂರ್ತಿ ವಿಳಾಸ ತೋರಿಸಿ. ಟೂಲ್‌ಟಿಪ್‌ಟೆಕ್ಸ್ಟ್ ತುಂಬಿದರೂ ಏನೂ ಕಾಣದಿದ್ದರೆ, ಸ್ಟೇಟಸ್‌ಸ್ಟ್ರಿಪ್‌ನ ಶೋಐಟಂಟೂಲ್‌ಟಿಪ್ಸ್ ನೋಡಿ. ಅದು ಮೊದಲಿನಿಂದ ಫಾಲ್ಸ್ ಇರುತ್ತದೆ.

ಬೇರೆ ಥ್ರೆಡ್‌ನಿಂದ (ಜೊತೆಜೊತೆಗೇ ಓಡುವ ಇನ್ನೊಂದು ಕೋಡ್ ಹರಿವಿನಿಂದ) ಲೇಬಲ್ ಬದಲಿಸಬೇಕಿದ್ದರೆ ಫಾರ್ಮ್‌ನ ಇನ್ವೋಕ್ ಬಳಸಿ; ಸ್ಟೇಟಸ್ ಲೇಬಲ್‌ಗೆ ತನ್ನದೇ ಇನ್ವೋಕ್ ಇಲ್ಲ. ಸ್ಟೇಟಸ್‌ಸ್ಟ್ರಿಪ್‌ನ ಟ್ಯಾಬ್‌ಸ್ಟಾಪ್ ಕೂಡ ಫಾಲ್ಸ್ ಆಗಿರುವುದರಿಂದ ಕೀಬೋರ್ಡ್ ನೆಚ್ಚಿದವರು ಟ್ಯಾಬ್ ಒತ್ತಿ ಅಲ್ಲಿಗೆ ತಲುಪಲಾರರು. ಅದೇ ಲಿಂಕ್ ಹೆಲ್ಪ್ ಮೆನುವಿನಲ್ಲೂ ಇರಲಿ.