ರಿಮ್ ಮೇಲಿನ ಕಂದು ಚುಕ್ಕೆ ಮಣ್ಣಲ್ಲ

ಪ್ರಶ್ನೆ: ನಮ್ಮ ಕಾರಿನ ಅಲಾಯ್ ಚಕ್ರಗಳ ಮೇಲೆ, ಅದರಲ್ಲೂ ಮುಂದಿನ ಎರಡರ ಮೇಲೆ, ಸೂಜಿಮೊನೆಯಷ್ಟು ಸಣ್ಣ ಕಂದು ಚುಕ್ಕೆಗಳು ಕಾಣಿಸಿಕೊಂಡಿವೆ. ಶಾಂಪೂ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಶೌಚಾಲಯ ತೊಳೆಯುವ ಆಸಿಡ್ ಹಾಕಿದರೆ ಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ಆ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಪಿಂಗಾಣಿ ಅದನ್ನು ತಡೆದುಕೊಳ್ಳುತ್ತದೆ, ಅಲಾಯ್ ಚಕ್ರದ ಅಲ್ಯೂಮಿನಿಯಂ ತಡೆಯುವುದಿಲ್ಲ. ರಿಮ್‌ನ ಮೇಲಿನ ಪಾರದರ್ಶಕ ಲೇಪ ಎಲ್ಲಿ ಗೀರಿದೆಯೋ ಅಲ್ಲಿಂದ ಆಮ್ಲ ಒಳಗೆ ಇಳಿದು ಲೋಹವನ್ನು ಮಂಕಾಗಿಸುತ್ತದೆ. ಒಮ್ಮೆ ಹಾಗಾದ ಮೇಲೆ ಯಾವ ಪಾಲಿಶ್‌ನಿಂದಲೂ ಮೊದಲಿನ ಹೊಳಪು ಮರಳುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಚಕ್ರ ತೊಳೆಯಲೆಂದೇ ಮಾರುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ ಅಮೋನಿಯಂ ಬೈಫ್ಲೋರೈಡೋ ಇರುತ್ತದೆ. ಇವು ಚರ್ಮದ ಮೂಲಕ ಒಳಗಿಳಿದು ಮೂಳೆಯವರೆಗೂ ಹಾನಿ ಮಾಡಬಲ್ಲವು, ನೋವು ಗಂಟೆಗಳ ನಂತರ ತಿಳಿಯಬಹುದು. ಲೇಬಲ್ಲಿನಲ್ಲಿ ಈ ಹೆಸರು ಕಂಡರೆ ಬಾಟಲಿಯನ್ನು ಮನೆಗೆ ತರಲೇಬೇಡಿ. ಚಕ್ರದ ಅಂದಕ್ಕಾಗಿ ಕೈ ಕಳೆದುಕೊಳ್ಳುವಂತಹ ಕೆಲಸ ಬೇಡ.

ಈಗ ಚುಕ್ಕೆಗಳ ವಿಷಯ. ಅಲ್ಯೂಮಿನಿಯಂಗೆ ಕಂದು ತುಕ್ಕು ಹಿಡಿಯುವುದಿಲ್ಲ. ಅದು ಕೆಟ್ಟರೆ ಬಿಳಿ ಹುಡಿ ಏಳುತ್ತದೆ. ನಿಮಗೆ ಕಾಣುತ್ತಿರುವುದು ಬ್ರೇಕಿನ ಡಿಸ್ಕ್ ಮತ್ತು ಪ್ಯಾಡ್ ಸವೆದು ಹಾರಿದ ಕಬ್ಬಿಣದ ಕಣಗಳ ತುಕ್ಕು. ಬಿಸಿಯಾಗಿರುವಾಗಲೇ ಬಂದು ಬೀಳುವ ಈ ಕಣಗಳು ಲೇಪದೊಳಕ್ಕೆ ಕಚ್ಚಿಕೊಳ್ಳುತ್ತವೆ, ಆಮೇಲೆ ತೇವ ತಗುಲಿ ಕಂದಾಗುತ್ತವೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೇ ಹೆಚ್ಚು ಕೆಲಸ. ಮುಂದಿನ ಚಕ್ರಗಳಲ್ಲಿ ಚುಕ್ಕೆ ಹೆಚ್ಚಿರುವುದು ಅದಕ್ಕೇ. ಕಚ್ಚಿಕೊಂಡ ಲೋಹವನ್ನು ಸಾಬೂನು ಬಿಡಿಸಲಾರದು. ಸ್ಕ್ರಬ್ಬರ್ ಹಿಡಿದು ಉಜ್ಜಿದರೆ ಲೇಪಕ್ಕೆ ಗೀರು ಬೀಳುತ್ತದೆ, ಚುಕ್ಕೆ ಅಲ್ಲೇ ಇರುತ್ತದೆ.

ಇದಕ್ಕೆ ಬೇಕಾದದ್ದು ಐರನ್ ರಿಮೂವರ್. ಅದರಲ್ಲಿರುವ ಥಯೋಗ್ಲೈಕೋಲೇಟ್ ಕಬ್ಬಿಣದೊಂದಿಗೆ ಸೇರಿ ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತದೆ. ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ತಟಸ್ಥ ಬಗೆಯದನ್ನೇ ಆರಿಸಿ. ಚಕ್ರ ಪೂರ್ತಿ ತಣ್ಣಗಾಗಿರಲಿ, ಕಾರು ನೆರಳಿನಲ್ಲಿರಲಿ, ಕೈಗೆ ಗ್ಲೌಸ್ ಇರಲಿ. ಮೊದಲು ಬರೀ ನೀರು ಹಾಯಿಸಿ ಮರಳು ಇಳಿಸಿ, ನಂತರ ಶಾಂಪೂವಿನಿಂದ ತೊಳೆಯಿರಿ. ಚಕ್ರಕ್ಕೆಂದೇ ಬೇರೆ ಬಕೆಟ್, ಬೇರೆ ಬಟ್ಟೆ ಇಡಿ. ಆ ಬಟ್ಟೆಯಲ್ಲಿ ಉಳಿದ ಕಬ್ಬಿಣದ ಹುಡಿ ಬಾಗಿಲಿನ ಬಣ್ಣವನ್ನು ಗೀರುತ್ತದೆ. ಬಳಿಕ ರಿಮೂವರ್ ಸಿಂಪಡಿಸಿ ಕಾಯಿರಿ. ಸ್ವಲ್ಪ ಹೊತ್ತಿನಲ್ಲೇ ಒಂದೊಂದು ಚುಕ್ಕೆಯ ಸುತ್ತ ನೇರಳೆ ಬಣ್ಣ ಬಿಡತೊಡಗುತ್ತದೆ, ಆಮೇಲೆ ಕಡ್ಡಿಗಳ ಗುಂಟ ನೇರಳೆ ಗೆರೆಗಳಾಗಿ ಕೆಳಗಿಳಿಯುತ್ತದೆ. ಕೊಳೆತ ಮೊಟ್ಟೆಯಂತಹ ವಾಸನೆ ಬರುವುದು ಸಹಜ. ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮಾತ್ರ ಬಿಡಿ, ಒಣಗಲು ಬಿಡಬೇಡಿ. ಒಂದು ಚಕ್ರ ಮುಗಿಸಿ ಧಾರಾಳ ನೀರಿನಲ್ಲಿ ತೊಳೆದ ಮೇಲೆಯೇ ಇನ್ನೊಂದಕ್ಕೆ ಕೈಹಾಕಿ. ಚುಕ್ಕೆ ಉಳಿದರೆ ಮತ್ತೊಮ್ಮೆ ಸಿಂಪಡಿಸಿ, ಬಲ ಹಾಕಬೇಡಿ.

ಕಪ್ಪು ಅಂಟುಚುಕ್ಕೆಗಳು ಉಳಿದರೆ ಅವು ಡಾಂಬರು. ಅದಕ್ಕೆ ಟಾರ್ ರಿಮೂವರ್ ಬೇರೆಯೇ ಇದೆ. ಕೊನೆಗೆ ತೆಳು ಪ್ಲಾಸ್ಟಿಕ್ ಚೀಲವನ್ನು ಬೆರಳಿಗೆ ಸುತ್ತಿ ರಿಮ್ ಮೇಲೆ ಆಡಿಸಿ ನೋಡಿ. ಬರಿಗೈಗೆ ತಿಳಿಯದ ಒರಟು ಹೀಗೆ ತಿಳಿಯುತ್ತದೆ.

ಪ್ರಶ್ನೆ: ಶುದ್ಧ ಮಾಡಿದ ಮೇಲೆ ವ್ಯಾಕ್ಸ್ ಹಚ್ಚಿದರೆ ಸಾಕೇ?

ಉತ್ತರ: ಸ್ವಲ್ಪ ಕಾಲಕ್ಕೆ ಸಾಕು. ತಾಳೆ ಜಾತಿಯ ಮರದ ಎಲೆಯಿಂದ ಸಿಗುವ ಕಾರ್ನೌಬಾ ವ್ಯಾಕ್ಸ್ ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿದ ಕಾರಿನ ಚಕ್ರಗಳು ಚೆನ್ನಾಗಿ ಕಾಯುತ್ತವೆ, ಹೀಗಾಗಿ ಬಾಡಿಯ ಮೇಲೆ ಬಾಳುವಷ್ಟು ಕಾಲ ವ್ಯಾಕ್ಸ್ ಇಲ್ಲಿ ಬಾಳದು. ನನ್ನ ಮೊದಲ ಆಯ್ಕೆ ಚಕ್ರಗಳಿಗೆಂದೇ ಬರುವ ಸಿಂಥೆಟಿಕ್ ಸೀಲಂಟ್, ಅಂದರೆ ಮೈಯನ್ನು ಮುಚ್ಚಿ ಕಾಯುವ ಕೃತಕ ಲೇಪ. ಹಚ್ಚುವುದು ಸುಲಭ, ಶಾಖ ತಡೆಯುತ್ತದೆ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಕಾಲ ಇರುತ್ತದೆ, ಆದರೆ ಅದು ತಯಾರಿಯನ್ನು ಬೇಡುತ್ತದೆ. ಒಂದು ಚುಕ್ಕೆ ಉಳಿದಿದ್ದರೂ ಅದನ್ನು ಒಳಗೇ ಮುಚ್ಚಿಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹಚ್ಚಬೇಕು.

ರಿಮ್‌ನ ಒಳಮೈಯನ್ನು ಬಹುತೇಕರು ಮರೆಯುತ್ತಾರೆ, ಆದರೆ ಹೆಚ್ಚು ಹುಡಿ ಕೂರುವುದು ಅಲ್ಲೇ. ಟೈರುಗಳನ್ನು ಅದಲುಬದಲು ಮಾಡಲು ಚಕ್ರ ಬಿಚ್ಚಿದಾಗಲೇ ಒಳಗೂ ತೊಳೆದು ಸೀಲಂಟ್ ಹಚ್ಚಿ. ಚಕ್ರವನ್ನು ಹಿಡಿದಿಡುವ ನಡುಭಾಗವಾದ ಹಬ್‌ಗೆ ಕೂರುವ ಮೈಗೂ ನಟ್ ಕೂರುವ ಜಾಗಕ್ಕೂ ಏನೂ ತಗುಲದಿರಲಿ. ಮತ್ತೆ ಜೋಡಿಸುವಾಗ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್‌ನಿಂದಲೇ ನಟ್ ಬಿಗಿ ಮಾಡಿ.

ಪ್ರಶ್ನೆ: ರಿಮ್ ಅಂಚಿನ ಒಂದು ಗೀರಿನಿಂದ ಬಿಳಿ ಎಳೆಗಳು ಹರಿದಾಡಿದಂತೆ ಹರಡುತ್ತಿವೆ. ಯಾವುದರಿಂದ ತೊಳೆಯಲಿ?

ಉತ್ತರ: ತೊಳೆದು ಹೋಗುವುದಲ್ಲ ಅದು. ಗೀರಿನಿಂದ ತೇವ ಒಳಸೇರಿ ಲೇಪದ ಅಡಿಯಲ್ಲೇ ಅಲ್ಯೂಮಿನಿಯಂ ಕೆಡುತ್ತಿದೆ. ಲೇಪವನ್ನು ಪೂರ್ತಿ ತೆಗೆದು ಹೊಸದಾಗಿ ಬಣ್ಣ ಹಾಕಿಸಬೇಕು. ನಿಮ್ಮದು ಯಂತ್ರದಲ್ಲಿ ಮೈ ಕೊರೆದು ಹೊಳಪು ಕೊಟ್ಟ ಡೈಮಂಡ್ ಕಟ್ ರಿಮ್ ಆಗಿದ್ದರೆ ಬೇಗ ನಿರ್ಧರಿಸಿ. ಪ್ರತಿ ಸಲ ಕೊರೆದಾಗಲೂ ಲೋಹ ತೆಳುವಾಗುವುದರಿಂದ ಅದನ್ನು ಎಷ್ಟು ಸಲ ಬೇಕಾದರೂ ಮಾಡಿಸಲಾಗದು. ಮುಂದೆ ಗೀರು ಬಿದ್ದ ಕೂಡಲೇ ಒರೆಸಿ ಟಚ್‌ಅಪ್ ಬಣ್ಣ ಹಚ್ಚಿ.

ಪ್ರಶ್ನೆ: ಚಕ್ರ ತೊಳೆದ ಮರುದಿನ ಬ್ರೇಕ್ ಡಿಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಹಾಳಾಯಿತೇ?

ಉತ್ತರ: ಇಲ್ಲ. ಎರಕದ ಕಬ್ಬಿಣಕ್ಕೆ ನೀರು ತಗುಲಿದರೆ ಮೇಲ್ಮೈಗೆ ಬೇಗ ತುಕ್ಕು ಬರುತ್ತದೆ, ಕೆಲವು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ತೊಳೆದ ಮೇಲೆ ಕಾರನ್ನು ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸಿ ನಿಲ್ಲಿಸಿ. ತುಕ್ಕು ತಡೆಯಲೆಂದು ಡಿಸ್ಕಿಗೆ ಎಣ್ಣೆ, ವ್ಯಾಕ್ಸ್, ಟೈರ್ ಪಾಲಿಶ್ ಏನನ್ನೂ ಹಚ್ಚಬೇಡಿ. ಅಕಸ್ಮಾತ್ ತಗುಲಿದ್ದರೆ ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಪ್ಯಾಡಿಗೂ ಮುಟ್ಟಿದೆ ಎನಿಸಿದರೆ ಮೆಕ್ಯಾನಿಕ್ ನೋಡುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ.