ಬಾತುಕೋಳಿ ಮೊಟ್ಟೆ ಗಟ್ಟಿಯಾಗಿ ಬೇಯಲು ಎಷ್ಟು ಹೊತ್ತು ಬೇಕು?

ಪ್ರಶ್ನೆ: ಶಿವಾಜಿನಗರದಿಂದ ತಂದ ಬಾತುಕೋಳಿ ಮೊಟ್ಟೆಗಳನ್ನು ಫ್ರಿಜ್‌ನಿಂದ ತೆಗೆದು, ಕೋಳಿಮೊಟ್ಟೆಯಂತೆಯೇ ಕುದಿನೀರಿಗೆ ಹಾಕಿ ಎಂಟು ನಿಮಿಷ ಬೇಯಿಸಿದೆ. ಒಂದು ಪಾತ್ರೆಯಲ್ಲೇ ಒಡೆಯಿತು. ಉಳಿದವುಗಳ ಹಳದಿ ನಡುವೆ ಹಸಿಯಾಗಿತ್ತು. ಸೊಸೆ ಗರ್ಭಿಣಿ. ಅವಳಿಗೆ ಇವನ್ನು ಕೊಡಬಹುದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹಳದಿ ಹಸಿಯಾಗಿರುವ ಮೊಟ್ಟೆಯನ್ನು ದಯವಿಟ್ಟು ಸೊಸೆಗೆ ಕೊಡಬೇಡಿ. ಬಾತುಕೋಳಿಗಳು ಹೆಚ್ಚಾಗಿ ಒದ್ದೆ ನೆಲದಲ್ಲಿ, ಕೆಸರಿನ ನಡುವೆ ಮೊಟ್ಟೆಯಿಡುವುದರಿಂದ ಸಾಲ್ಮೊನೆಲ್ಲಾದಂತಹ ರೋಗಾಣುಗಳು ಸಿಪ್ಪೆಯ ಸೂಕ್ಷ್ಮ ರಂಧ್ರಗಳ ಮೂಲಕ ಒಳಸೇರುವ ಸಾಧ್ಯತೆಯಿದೆ. ಬಿಳಿ, ಹಳದಿ ಎರಡೂ ಪೂರ್ತಿ ಗಟ್ಟಿಯಾಗುವವರೆಗೆ ಬೇಯಿಸಿದರೆ ಆ ಭಯವಿಲ್ಲ.

ಕೋಳಿಮೊಟ್ಟೆ ಸುಮಾರು 50ರಿಂದ 55 ಗ್ರಾಂ ತೂಗಿದರೆ ಬಾತುಕೋಳಿಯದು 70 ಗ್ರಾಂ ಆಸುಪಾಸಿನಲ್ಲಿರುತ್ತದೆ. ಹಳದಿಯೂ ದೊಡ್ಡದಾದ್ದರಿಂದ ಶಾಖವು ನಡುಭಾಗವನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಜೊತೆಗೆ ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು, ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುವುದರಿಂದ, ಕರಾವಳಿಯ ಮನೆಗಳಲ್ಲಿ ಸಾಕಾಗುವ ಸಮಯಕ್ಕೆ ಒಂದೆರಡು ನಿಮಿಷ ಸೇರಿಸುವುದು ಒಳ್ಳೆಯದು.

ಫ್ರಿಜ್‌ನ ತಣ್ಣನೆಯ ಮೊಟ್ಟೆ ಕುದಿನೀರಿಗೆ ಬಿದ್ದಾಗ ಅದರ ದಪ್ಪ ತುದಿಯಲ್ಲಿರುವ ಗಾಳಿ ತಟ್ಟನೆ ಹಿಗ್ಗಿ ಸಿಪ್ಪೆ ಬಿರಿಯುತ್ತದೆ. ಆದ್ದರಿಂದ ಮೊಟ್ಟೆಗಳನ್ನು ಅರ್ಧ ಗಂಟೆ ಹೊರಗಿಟ್ಟು, ಕೆಸರು ತೊಳೆದು, ಮುಳುಗುವಷ್ಟು ತಣ್ಣೀರಿನಲ್ಲಿ ಒಲೆಗಿಡಿ. ನೀರು ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ಹದಿಮೂರು ನಿಮಿಷ ಬೇಯಿಸಿ. ಒಂದು ಚಮಚ ಉಪ್ಪು ಹಾಕಿದ್ದರೆ, ಬಿರುಕು ಬಿಟ್ಟರೂ ಹೊರಬಂದ ಬಿಳಿ ಅಲ್ಲೇ ಹೆಪ್ಪುಗಟ್ಟುತ್ತದೆ. ಕುಕ್ಕರಿನಲ್ಲಿ ಹದ ಕೈಗೆ ಸಿಗುವುದಿಲ್ಲವಾದ್ದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಬೇಯುವುದು ಅತಿಯಾದರೆ ಬಿಳಿ ರಬ್ಬರಿನಂತಾಗಿ, ಹಳದಿಯ ಸುತ್ತ ಹಸಿರುಗಪ್ಪು ಗೆರೆ ಮೂಡುತ್ತದೆ. ಬಿಳಿಯ ಗಂಧಕ ಹಳದಿಯ ಕಬ್ಬಿಣದೊಡನೆ ಸೇರಿ ಆಗುವ ಈ ಬಣ್ಣದಿಂದ ಅಪಾಯವೇನೂ ಇಲ್ಲ.

ಇಳಿಸಿದ ಕೂಡಲೇ ತಣ್ಣೀರಿಗೆ ಹಾಕಿ, ಪೂರ್ತಿ ಆರಿದ ಮೇಲೆ ದಪ್ಪ ತುದಿಯಿಂದ ಸುಲಿಯಿರಿ. ಒಂದನ್ನು ನಡುವೆ ಕತ್ತರಿಸಿ ನೋಡಿ: ಬಿಳಿ ತುಸು ನೀಲಿ ಛಾಯೆಯ ಹೊಳಪಿನಿಂದ ಕೂಡಿದ್ದು ಬಿಗಿಯಾಗಿರಬೇಕು, ಹಳದಿಯ ಒಳಗೆ ಎಲ್ಲಿಯೂ ಒದ್ದೆ ಮಿಂಚು ಕಾಣಬಾರದು. ಕಂಡರೆ, ಅದೇ ಹದದ ಉಳಿದ ಮೊಟ್ಟೆಗಳನ್ನು ಸುಲಿದು ಹೋಳು ಮಾಡಿ, ಈರುಳ್ಳಿ ಮಸಾಲೆಯಲ್ಲಿ ಚೆನ್ನಾಗಿ ಕುದಿಸಿ ಬಳಸಿ.